ಉದಾರವಾದಿ ಕ್ರೈಸ್ತರು ಏನು ಓದುತ್ತಾರೆ, ಏನು ಮಾಡುತ್ತಾರೆ

ಮಾನ್ಯ ಸಂಪಾದಕರೇ,

ಉದಾರವಾದಿ ಕ್ರೈಸ್ತರೆಂದರೆ ಬೈಬಲಿನಲ್ಲಿ ತಮಗೆ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುವವರು ಎಂಬ ಮಾತು ಈ ಅಂಕಣದಲ್ಲಿ ಬಂದಿತ್ತು. ಮಂಜೇಶ್ವರ, ಕಾಸರಗೋಡು ಕಡೆಯ ಪ್ರಾರ್ಥನಾ ಕೂಟಗಳಲ್ಲೂ ಇದೇ ಆಪಾದನೆ. ಅದಕ್ಕೆ ಈ ಉತ್ತರ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಓದುತ್ತಾ, ಯಾವುದರ ಬಳಿಕ ಯಾವುದು ಸೃಷ್ಟಿಯಾಯಿತೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದನೆಯದರಲ್ಲಿ ಗಿಡಮರ, ಆಮೇಲೆ ಪ್ರಾಣಿಗಳು, ಕೊನೆಗೆ ಗಂಡು ಹೆಣ್ಣು ಒಟ್ಟಿಗೆ. ಎರಡನೆಯದರಲ್ಲಿ ಮೊದಲು ಗಂಡು, ಮತ್ತೆ ತೋಟ, ಪ್ರಾಣಿಗಳು, ಎಲ್ಲದರ ಕೊನೆಗೆ ಹೆಣ್ಣು. ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ್ದು ಯೋಹಾನನ ಸುವಾರ್ತೆಯ 2ನೇ ಅಧ್ಯಾಯದಲ್ಲೇ ಬರುತ್ತದೆ. ಉಳಿದ ಮೂವರು ಸುವಾರ್ತೆಗಾರರು ಅದನ್ನು ಶಿಲುಬೆಗೇರುವ ವಾರದಲ್ಲಿ ಇಟ್ಟಿದ್ದಾರೆ. ಎರಡೂ ಅಕ್ಷರಶಃ ನಡೆದದ್ದೆನ್ನಲು ಯೇಸು ಎರಡು ಸಲ ಓಡಿಸಿದ ಎನ್ನಬೇಕು. ಹಾಗೆ ಹೇಳುವವರೂ ಇದ್ದಾರೆ. ಉದಾರವಾದಿ ಓದುಗರು, ಬರೆದವರು ಯಾರಿಗಾಗಿ ಬರೆದರು, ಯಾಕೆ ಹೀಗೆ ಜೋಡಿಸಿದರು ಎಂದು ಕೇಳುತ್ತಾರೆ. ಇದು ಪ್ರೊಟೆಸ್ಟೆಂಟರ ಗೀಳು ಎಂದು ಕಥೋಲಿಕರು ತಳ್ಳಿಹಾಕುವಂತಿಲ್ಲ. ಆ ಕಾಲದ ಸಾಹಿತ್ಯ ಪ್ರಕಾರಗಳನ್ನು ಗಮನಿಸಿಯೇ ಬೈಬಲ್ ಓದಬೇಕೆಂದು ಪೋಪ್ ಹನ್ನೆರಡನೇ ಪಿಯುಸ್ 1943ರಲ್ಲೇ ಹೇಳಿದ್ದರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೂ ಅದನ್ನೇ ಹೇಳಿತು.

ಈ ಓದಿನಿಂದ ಪ್ರಾಣ ಉಳಿಯುವ ಸಂದರ್ಭಗಳೂ ಇವೆ. ರೋಗಶಾಂತಿ ಕೂಟಗಳಲ್ಲಿ ಮಾರ್ಕ 16:18ನ್ನು ಮತ್ತೆ ಮತ್ತೆ ಎತ್ತುತ್ತಾರೆ: ಹಾವನ್ನು ಎತ್ತಿದರೂ ವಿಷ ಕುಡಿದರೂ ಕೇಡಾಗದು, ಕೈಯಿಟ್ಟರೆ ರೋಗಿಗಳು ಗುಣವಾಗುವರು. ನಮ್ಮ ಕಡೆ ಹಾವು, ವಿಷದ ಭಾಗವನ್ನು ಪರೀಕ್ಷೆ ಮಾಡಲು ಯಾರೂ ಮುಂದೆ ಬರುವುದಿಲ್ಲ, ಅಷ್ಟು ವಿವೇಕ ಎಲ್ಲರಿಗೂ ಇದೆ. 4ನೇ ಶತಮಾನದ ಸೀನಾಯ್ ಮತ್ತು ವ್ಯಾಟಿಕನ್ ಎಂಬ ಬೈಬಲ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ಮುಗಿಯುತ್ತದೆ. ಮುಂದಿನ ವಚನಗಳು ಆಮೇಲೆ ಸೇರಿದವೆಂದು ಹೆಚ್ಚಿನ ವಿದ್ವಾಂಸರ ಮತ. ಈಗ ಕ್ಷಯದ ಮದ್ದನ್ನು ನೋಡಿ. ಸಾಮಾನ್ಯವಾಗಿ ಆರು ತಿಂಗಳು ತೆಗೆದುಕೊಳ್ಳಬೇಕು. ಎರಡು ತಿಂಗಳಾಗುವಾಗ ಕೆಮ್ಮು ಇಳಿದು ಮೈ ಸ್ವಲ್ಪ ತುಂಬಿರುತ್ತದೆ. ಆಗಲೇ ವೇದಿಕೆಗೆ ಕರೆದು ಗುಣವಾಯಿತೆಂದು ಸಾಕ್ಷಿ ಹೇಳಿಸಿ, ಮಾತ್ರೆ ಬಿಡಿಸಿದರೆ, ಸಾಯದೆ ಉಳಿದ ರೋಗಾಣು ಮದ್ದಿಗೆ ಬಗ್ಗದಂತಾಗಿ ಮರಳಬಹುದು. ಪ್ರಾರ್ಥನೆ ಬೇಡವೆಂದು ಉದಾರವಾದಿಗಳು ಯಾರೂ ಹೇಳುವುದಿಲ್ಲ. ಪ್ರಾರ್ಥನೆ ಮಾಡಿ, ಮಾತ್ರೆಯನ್ನೂ ನುಂಗಿ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯವೂ ಹೀಗೆಯೇ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಎಣ್ಮಕಜೆಯಂಥ ಊರುಗಳಲ್ಲಿ ಮಕ್ಕಳು ಹುಟ್ಟುತ್ತಲೇ ನರಳಿದಾಗ ಹೆತ್ತವರ ಪಾಪ ಎನ್ನುವುದು ಸುಲಭ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಅದನ್ನೇ. ಇವನೂ ಪಾಪ ಮಾಡಿಲ್ಲ, ಇವನ ಹೆತ್ತವರೂ ಮಾಡಿಲ್ಲ ಎಂದು ಯೇಸು ಹೇಳಿದ್ದು ಯೋಹಾನ 9:3ರಲ್ಲಿದೆ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಕೇರಳ ಸರಕಾರಕ್ಕೆ ಆದೇಶಿಸಿತು. ಪಟ್ಟಿಯಲ್ಲಿ ಹೆಸರಿದೆಯೇ, ವೈದ್ಯಕೀಯ ಕಾಗದಪತ್ರ ಸರಿಯಿದೆಯೇ ಎಂದು ಕೂತು ನೋಡಿಕೊಡುವುದನ್ನೂ ಉದಾರವಾದಿಗಳು ಭಕ್ತಿಯ ಲೆಕ್ಕಕ್ಕೇ ಹಾಕುತ್ತಾರೆ.

ಹೆಣ್ಣಿನ ವಿಚಾರಕ್ಕೆ ಬಂದರೆ, ತಿಮೊಥೆಯನಿಗೆ ಬರೆದ ಮೊದಲ ಪತ್ರ ಹೆಂಗಸು ಉಪದೇಶ ಮಾಡಬಾರದೆನ್ನುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಸಭೆಯ ಸೇವಕಿ ಫೊಯಿಬೆಯನ್ನು ಆದರದಿಂದ ಬರಮಾಡಿಕೊಳ್ಳಿ ಎನ್ನುತ್ತದೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮಹಿಳಾ ಬಿಷಪರನ್ನು ನೇಮಿಸಿತು. ಅಷ್ಟಾಯಿತು. ಮನೆಯೊಳಗಿನ ಲೆಕ್ಕ ಬೇರೆಯೇ ಇದೆ.

1956ರವರೆಗೆ ದಕ್ಷಿಣ ಕನ್ನಡದಲ್ಲಿದ್ದ ಕಾರಣ, ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದ ತಿರುವಾಂಕೂರಿನ ಕ್ರೈಸ್ತ ಉತ್ತರಾಧಿಕಾರ ಕಾಯ್ದೆ ಕಾಸರಗೋಡಿಗೆ ತಾಗಲೇ ಇಲ್ಲ. ಇಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮಸಮ. 90 ಸೆಂಟ್ಸ್ ಜಾಗ, ಹೆಂಡತಿ, ಇಬ್ಬರು ಗಂಡು, ಒಬ್ಬಳು ಹೆಣ್ಣು ಎಂದಿಟ್ಟುಕೊಳ್ಳಿ: ತಾಯಿಗೆ 30, ಮಕ್ಕಳಿಗೆ ತಲಾ 20. ಮದುವೆಗೆ ಚಿನ್ನ ಹಾಕಿದ್ದೇವಲ್ಲ ಎಂದು ಮಗಳ 20ರಲ್ಲಿ ಕಳೆಯುವಂತಿಲ್ಲ. ತಂದೆ ಬದುಕಿರುವಾಗ ಕೊಟ್ಟದ್ದು ಪಾಲಿನ ಲೆಕ್ಕಕ್ಕೆ ಬಾರದೆಂದು 49ನೇ ಸೆಕ್ಷನ್ ಹೇಳುತ್ತದೆ. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುತ್ತಾರೆ, ಪತ್ರವೂ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಕನ್ನಡ ಮಾತ್ರ ಓದಬಲ್ಲ ಹೆಣ್ಣುಮಗಳು ಹೊರಗಿನವರೊಬ್ಬರಿಂದ ಓದಿಸಿ, ಅರ್ಥ ಕೇಳಿಕೊಂಡ ಮೇಲೆಯೇ ಪೆನ್ನು ಹಿಡಿಯಬೇಕು.

ಉದಾರವಾದಿಗಳಲ್ಲಿ ಹುಳುಕಿಲ್ಲವೇ? ಬೇಕಷ್ಟಿದೆ. ಮೋಶೆಯನ್ನು ಧೈರ್ಯವಾಗಿ ಪ್ರಶ್ನಿಸುವವರು ಮಗನಿಗೆ ಹೆಣ್ಣು ನೋಡುವಾಗ ಮೂಲ ಜಾತಿಯನ್ನು ಮೆಲ್ಲಗೆ ವಿಚಾರಿಸುತ್ತಾರೆ. ಯೇಸುವಿನ ಪುನರುತ್ಥಾನ ದೇಹಸಮೇತವೋ, ಶಿಷ್ಯರಿಗಾದ ಅನುಭವವೋ ಎಂಬಲ್ಲಿ ಅವರೊಳಗೇ ಒಮ್ಮತವಿಲ್ಲ; ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ.

ಒಂದು ಕೋರಿಕೆ ಮಾತ್ರ. ಹಸ್ತಪ್ರತಿ, ಎರಡು ಸೃಷ್ಟಿಕಥೆಗಳ ವಿಚಾರವನ್ನು ನಮ್ಮ ಸಂಡೇ ಸ್ಕೂಲುಗಳಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೇ ಹೇಳಿಕೊಡಲಿ. ಕಾಲೇಜಿಗೆ ಹೋದ ಮೇಲೆ ಮೊಬೈಲಿನಲ್ಲಿ ಮೊದಲ ಬಾರಿ ಇದನ್ನು ಕಂಡ ಮಕ್ಕಳು, ಇಷ್ಟು ವರ್ಷ ನಮಗೆ ಸುಳ್ಳು ಹೇಳಿದರು ಎಂದುಕೊಂಡು ಇಗರ್ಜಿಯ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೆ.

– ಬೈಬಲ್ ತರಗತಿ ನಡೆಸುವ ಕೆಲವರು, ಮಂಜೇಶ್ವರ