ಮಾತುಕತೆಗೆ ಕೂರುವ ಮುನ್ನ

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ನಮ್ಮ ಹಿರಿಯರನ್ನು ಅವರ ನೆಲದಿಂದ ಎಬ್ಬಿಸಿದ ವಿಷಯದಲ್ಲಿ ಎದುರಿನವರು ಕೊನೆಗೂ ಮಾತಿಗೆ ಒಪ್ಪಿದ್ದಾರೆ, ನಮ್ಮ ಕಡೆಯಿಂದ ಕೂರುವವರಲ್ಲಿ ನೀನೂ ಒಬ್ಬಳು ಎಂದು ಓದಿ ಮನಸ್ಸು ತುಂಬಿ ಬಂತು. ಆದರೆ ಎಷ್ಟು ಪರಿಹಾರ ಕೇಳಬೇಕು ಎಂಬುದರ ಮೇಲೆ ನಿಮ್ಮನಿಮ್ಮಲ್ಲೇ ಜಗಳ ಎದ್ದಿದೆ ಎಂದೂ ಬರೆದಿದ್ದೀಯ. ಅದಕ್ಕೇ ಈ ಪತ್ರ. ಮೊತ್ತದ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಏನು ನಡೆಯಿತು, ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದನ್ನು ಎರಡೂ ಕಡೆಯವರು ಕೂತು ಬರೆದು ಸಹಿ ಹಾಕುವ ತನಕ ಹಣದ ಚರ್ಚೆಗೆ ಇಳಿಯಬೇಡಿ.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳು ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದಗಳನ್ನು ನೋಡು. ಅವರ ದೂರುಗಳನ್ನು ಕೇಳಲೆಂದೇ 1975ರಲ್ಲಿ ವೈತಾಂಗಿ ನ್ಯಾಯಮಂಡಳಿ ಶುರುವಾದಾಗ ಹಳೆಯ ದೂರುಗಳನ್ನು ಕೇಳುವ ಅಧಿಕಾರವೇ ಅದಕ್ಕಿರಲಿಲ್ಲ. 1985ರಲ್ಲಿ ಕಾನೂನು ತಿದ್ದಿ, ಮಾವೋರಿಗಳೂ ಬ್ರಿಟಿಷರೂ ವೈತಾಂಗಿ ಒಡಂಬಡಿಕೆಗೆ ಸಹಿ ಹಾಕಿದ 1840ರವರೆಗೆ ಹಿಂದಕ್ಕೆ ಹೋಗಲು ಬಿಟ್ಟರು. ಅಲ್ಲಿನ ಒಪ್ಪಂದಗಳಲ್ಲಿ ಎರಡೂ ಕಡೆ ಒಪ್ಪಿದ ಚರಿತ್ರೆಗೆ, ಸರ್ಕಾರದ ತಪ್ಪೊಪ್ಪಿಗೆಗೆ, ಕ್ಷಮೆಗೆ ಅವುಗಳದೇ ಜಾಗ ಇರುತ್ತದೆ. ಭೂಮಿ, ಹಣ ಬರುವುದು ಇವುಗಳ ಜೊತೆಗೆ. ದಕ್ಷಿಣ ದ್ವೀಪದ ನ್ಗಾಯ್ ತಾಹು ಜನ 1849ರಿಂದಲೇ ದೂರು ಹೇಳುತ್ತ ಬಂದವರು. 1998ರ ಒಪ್ಪಂದದಲ್ಲಿ ಅವರಿಗೆ ಸಿಕ್ಕಿದ್ದು 17 ಕೋಟಿ ನ್ಯೂಜಿಲೆಂಡ್ ಡಾಲರ್. ಕಳೆದುಕೊಂಡದ್ದರ ಎದುರು ಅದು ತೀರಾ ಕಡಿಮೆ. ಆದರೆ ಸರ್ಕಾರದ ಕ್ಷಮೆಯ ಮಾತುಗಳು ಕಾಯ್ದೆಯ ಒಳಗೇ, ಮಾವೋರಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗಿವೆ. ನಾಳೆ ಯಾವ ಸರ್ಕಾರ ಬಂದರೂ ಅಂಥದ್ದೇನೂ ನಡೆದೇ ಇಲ್ಲ ಎನ್ನಲಾರದು.

ಇನ್ನು ಕಡತದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1942ರ ಫೆಬ್ರವರಿ 19ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಒಂದು ಆದೇಶದಿಂದ ಸುಮಾರು 1,20,000 ಜಪಾನಿ ಮೂಲದವರು ಮನೆ, ಅಂಗಡಿ, ಹೊಲ ಬಿಟ್ಟು ಮುಳ್ಳುತಂತಿಯ ಶಿಬಿರ ಸೇರಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ನಾಗರಿಕರು. ಯುದ್ಧದ ತುರ್ತಿನಲ್ಲಿ ಯಾರು ನಿಷ್ಠರು, ಯಾರು ಅಲ್ಲ ಎಂದು ವಿಚಾರಿಸಲು ಸಮಯವಿರಲಿಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ನಲವತ್ತು ವರ್ಷ ಅದೇ ನಡೆಯಿತು. ಹದಿಹರೆಯದಲ್ಲಿ ಶಿಬಿರಕ್ಕೆ ಹೋಗಿ, ಅಲ್ಲೇ ಮಗಳನ್ನು ಹೆತ್ತ ಐಕೋ ಹರ್ಜಿಗ್-ಯೋಶಿನಾಗಾ ಎಂಬಾಕೆ ಮುಂದೆ ರಾಷ್ಟ್ರೀಯ ಪತ್ರಾಗಾರದಲ್ಲಿ ಕೂತು ಹಾಳೆ ಹಾಳೆಯನ್ನೂ ತಿರುವಿಹಾಕಿದರು. ಇತಿಹಾಸದ ಪದವಿ ಅವರಿಗಿರಲಿಲ್ಲ. 1982ರಲ್ಲಿ, ಈ ಜನರನ್ನು ಎಬ್ಬಿಸಿದ ಸೈನ್ಯಾಧಿಕಾರಿ ಡಿವಿಟ್ ಅವರ ವರದಿಯ ಮೂಲಪ್ರತಿಯೊಂದು ಅವರ ಕೈಗೆ ಸಿಕ್ಕಿತು. ತಿದ್ದಿದ ವರದಿ ಹೊರಬಂದ ಮೇಲೆ ಮೊದಲಿನ ಪ್ರತಿಗಳನ್ನು ಸುಡಿಸಿದ್ದರು. ಇದು ಹೇಗೋ ಉಳಿದಿತ್ತು. ಸಮಯ ಸಾಲದೆ ಅಲ್ಲ, ಈ ಜನಾಂಗದವರಲ್ಲಿ ನಿಷ್ಠರನ್ನು ಬೇರೆ ಮಾಡಿ ಗುರುತಿಸಲು ಸಾಧ್ಯವೇ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಸಮಜಾಯಿಷಿಯ ಬುಡವೇ ಕಳಚಿತು.

ಅದಕ್ಕೂ ಮುಂಚೆ, 1981ರಲ್ಲಿ, ಸಂಸತ್ತು ನೇಮಿಸಿದ ಆಯೋಗ ನಗರದಿಂದ ನಗರಕ್ಕೆ ಹೋಗಿ 750ಕ್ಕೂ ಹೆಚ್ಚು ಜನರ ಹೇಳಿಕೆ ಕೇಳಿತ್ತು. ಸ್ವಂತ ಮಕ್ಕಳ ಎದುರೂ ಬಾಯಿಬಿಡದ ವೃದ್ಧರು ಅಲ್ಲಿ ಮೈಕಿನ ಮುಂದೆ ಮಾತಾಡಿದರು. ಜನಾಂಗದ್ವೇಷ, ಯುದ್ಧದ ಉನ್ಮಾದ, ರಾಜಕೀಯ ನಾಯಕತ್ವದ ಸೋಲು ಇವೇ ಕಾರಣ ಎಂದು ಆಯೋಗ ಬರೆಯಿತು. 1988ರ ಕಾಯ್ದೆ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಗೊತ್ತುಮಾಡಿತು. ಹೇಳಿಕೆ, ಕಡತ, ವರದಿ, ಆಮೇಲೆ ಹಣ: ಈ ಕ್ರಮ ನೆನಪಿರಲಿ.

ನಮೀಬಿಯಾದಲ್ಲಿ ಬೇರೆಯೇ ಆಯಿತು. 1904ರಿಂದ 1908ರವರೆಗೆ ಜರ್ಮನ್ ವಸಾಹತು ಸೈನ್ಯ ಹೆರೆರೋ ಮತ್ತು ನಾಮಾ ಜನರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದಿತು. ಎರಡು ಸರ್ಕಾರಗಳು ವರ್ಷಗಟ್ಟಲೆ ಮಾತಾಡಿ 2021ರಲ್ಲಿ 30 ವರ್ಷಗಳಲ್ಲಿ 110 ಕೋಟಿ ಯೂರೋ ಎಂಬ ಜಂಟಿ ಘೋಷಣೆಗೆ ಬಂದವು. ಸತ್ತವರ ವಂಶದವರಲ್ಲಿ ಅನೇಕರು, ನಮ್ಮನ್ನು ಬಿಟ್ಟು ನಮ್ಮ ಮಾತಾಡಿದಿರಿ ಎಂದು ಅದನ್ನು ಒಪ್ಪಲೇ ಇಲ್ಲ. ಆದ್ದರಿಂದ ನಿಮ್ಮಲ್ಲಿ ಓದಿದವರು, ಮಾತು ಬಲ್ಲವರು ಮಾತ್ರ ಹೋಗಿ ಕೂರಬೇಡಿ. ಇಂಗ್ಲಿಷ್ ಬಾರದ, ಸಭೆಯಲ್ಲಿ ಅಳುವ, ಕೋಪಕ್ಕೆ ಎದ್ದು ನಿಲ್ಲುವ ಹಿರಿಯರೂ ಅಲ್ಲಿರಲಿ. ಅವರಿಂದ ಕೆಲಸ ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ನೀನು ಒಪ್ಪಬೇಡ.

ಆಗ ನಾವು ಹುಟ್ಟೇ ಇರಲಿಲ್ಲ ಎಂದು ಎದುರಿನವರು ಹೇಳುತ್ತಾರೆ, ಹೇಳಲಿ. ಆ ಕುರ್ಚಿಯಲ್ಲಿ ಕೂತ ಮನುಷ್ಯನ ಮೇಲೆ ನಮಗೆ ದೂರಿಲ್ಲ ಎಂದು ನೀನೇ ಮೊದಲು ಹೇಳಿಬಿಡು. ಆದರೆ ನೆಲ ಕಿತ್ತುಕೊಂಡ ಸಂಸ್ಥೆ ಇನ್ನೂ ಇದೆ, ಆ ನೆಲವೂ ಅದರ ಬಳಿಯೇ ಇದೆ. ಉತ್ತರ ಕೊಡಬೇಕಾದ್ದು ಅದು. ಸಭ್ಯವಾಗಿ ಮಾತಾಡು, ಆದರೆ ಪಟ್ಟು ಸಡಿಲಿಸಬೇಡ. "ಆದದ್ದಕ್ಕೆ ವಿಷಾದವಿದೆ" ಎಂಬ ಒಂದು ಸಾಲಿನಿಂದ ಮೂಗಿಗೆ ತುಪ್ಪ ಸವರಲು ಬಂದರೆ, ಯಾವುದಕ್ಕೆ ವಿಷಾದ, ಮಾಡಿದವರು ಯಾರು ಎಂದು ಕೇಳು.

ಇನ್ನೊಂದು ಮಾತು. ಕ್ಷಮಿಸಿಬಿಡಿ ಎಂದು ನಿಮ್ಮ ಕಡೆಯವರೇ ಹಿರಿಯರನ್ನು ಒತ್ತಾಯಿಸುವ ಹೊತ್ತು ಬರಬಹುದು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಕಾಲದ ಅಪರಾಧಗಳ ಸತ್ಯ ಒಪ್ಪಿಕೊಂಡವರಿಗೆ ಕ್ಷಮಾದಾನ ಎಂಬ ನಿಯಮವನ್ನು, ಪೊಲೀಸ್ ವಶದಲ್ಲಿ ಸತ್ತ ಹೋರಾಟಗಾರ ಸ್ಟೀವ್ ಬಿಕೋ ಅವರ ಕುಟುಂಬ ಕೋರ್ಟಿನಲ್ಲೇ ಪ್ರಶ್ನಿಸಿತು. 1996ರಲ್ಲಿ ಸೋತಿತು. ಆದರೂ ಅವರ ಪ್ರಶ್ನೆ ನ್ಯಾಯವಾದದ್ದೇ ಎಂದು ನನ್ನ ನಂಬಿಕೆ. ಅಲ್ಲಿ ನೊಂದವರಿಗೆ ತಲಾ 30,000 ರಾಂಡ್ ಎಂದು ಸರ್ಕಾರ ಹೇಳಿದ್ದು 2003ರಲ್ಲಿ, ಆ ಸತ್ಯಗಳನ್ನು ಕೇಳಿದ ಆಯೋಗ ಕೊಡಿ ಎಂದದ್ದಕ್ಕಿಂತ ಎಷ್ಟೋ ಕಡಿಮೆ. ಕ್ಷಮಿಸುವುದು, ಬಿಡುವುದು ನೊಂದವರ ಇಷ್ಟ. ಒಪ್ಪಂದದ ಷರತ್ತಾಗಿ ಅದು ಬರಕೂಡದು.

ಈಗ ಮಾಡಬೇಕಾದ ಕೆಲಸ ಒಂದಿದೆ. ಅಮೆರಿಕದ ಆ ಕಾಯ್ದೆಗೆ ಸಹಿ ಬೀಳುವ ಮುಂಚೆಯೇ ಶಿಬಿರ ಕಂಡವರಲ್ಲಿ ಎಷ್ಟೋ ಸಾವಿರ ಜನ ತೀರಿಹೋಗಿದ್ದರು. 1990ರಲ್ಲಿ ಮೊದಲ ಚೆಕ್ಕುಗಳನ್ನು ಎಲ್ಲರಿಗಿಂತ ವಯಸ್ಸಾದವರಿಗೆ ಕೊಟ್ಟರು. ನಮ್ಮಲ್ಲಿ ಎಂಬತ್ತು ದಾಟಿದವರ ಪಟ್ಟಿ ಮಾಡಿ, ಮೊದಲ ಸಭೆಗೆ ಮುಂಚೆಯೇ ಒಬ್ಬೊಬ್ಬರ ಹತ್ತಿರವೂ ಹೋಗು. ಅವಸರ ಮಾಡದೆ ಕೇಳಿಸಿಕೊಂಡು, ಅವರ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ ಸಹಿಯೋ ಹೆಬ್ಬೆಟ್ಟೋ ಹಾಕಿಸು. ಪಟ್ಟೆ, ಕಂದಾಯದ ರಸೀತಿ, ಹಳೆಯ ಫೋಟೋ ಏನಿದ್ದರೂ ನಕಲು ತೆಗೆದು ಮೂಲವನ್ನು ಅವರಿಗೇ ಹಿಂತಿರುಗಿಸು. ಒಂದು ಪ್ರತಿ ನನಗೆ ಕಳಿಸು, ಕೂತು ಓದುತ್ತೇನೆ.

ನಿನ್ನ ದೊಡ್ಡಪ್ಪ