ಶನಿವಾರದ ಕಥೆ ಪೀರಿಯಡ್ ಮತ್ತು ಟಗರಿನ ಹಗ್ಗ

ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ನಮ್ಮ ಶಾಲೆಯ ಎಲ್ಲ ಪೋಷಕರಿಗೆ, ಮನೆಯ ಹಿರಿಯರಿಗೆ ನಮಸ್ಕಾರ.

ಹೋದ ಸೋಮವಾರ ಐದನೇ ತರಗತಿಯಲ್ಲಿ ನಡೆದ ಸಂಗತಿ ಈಗಾಗಲೇ ನಿಮ್ಮೆಲ್ಲರ ಕಿವಿಗೆ ಬಿದ್ದಿದೆ. ಅಂಗಡಿ ಕಟ್ಟೆಯ ಮೇಲೆ ಒಂದು ಥರ, ನೀರಿನ ಟ್ಯಾಂಕ್ ಹತ್ತಿರ ಇನ್ನೊಂದು ಥರ. ಅದು ಸುತ್ತಿ ಬಳಸಿ ನನ್ನ ಹತ್ತಿರ ವಾಪಸ್ ಬರುವಷ್ಟರಲ್ಲಿ ಮಗು ಟಗರನ್ನೇ ಶಾಲೆಗೆ ಹೊಡೆದುಕೊಂಡು ಬಂದಿತ್ತು! ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಮಗುವಿನ ಹೆಸರು ಬರೆಯುವುದಿಲ್ಲ. ಗೊತ್ತಿದ್ದವರೂ ದಯವಿಟ್ಟು ಆ ಮನೆಯವರನ್ನು ಆಡಿಕೊಳ್ಳಬೇಡಿ.

ಅವತ್ತು ಗಣಿತದ ಪೀರಿಯಡ್. ಹುಡುಗಿ ಕಾಲು ಆಡಿಸಿದಾಗಲೆಲ್ಲ ಬೆಂಚಿನ ಕೆಳಗಿನಿಂದ ಕಿಣಿ ಕಿಣಿ ಸದ್ದು. ಟೀಚರ್ ಎರಡು ಸಲ ಸುಮ್ಮನಿದ್ದರು. ಮೂರನೇ ಸಲ ಬ್ಯಾಗ್ ತೆಗೆಸಿದರು. ಕನ್ನಡ ಪುಸ್ತಕದ ಕೆಳಗೆ, ಊಟದ ತಟ್ಟೆಗೆ ಸುತ್ತಿಟ್ಟ ಹಗ್ಗ. ಟಗರಿನ ಕೊರಳಿಗೆ ಹಾಕುವ ಹಗ್ಗ. ಒಂದು ತುದಿಯಲ್ಲಿ ಹಿತ್ತಾಳೆ ಗಂಟೆ, ಅದಕ್ಕೆ ಅಂಟಿಕೊಂಡಿದ್ದ ಎರಡು ಎಳೆ ಉಣ್ಣೆ. ಕುರಿ ಕೂಡುವ ರೊಪ್ಪದ ವಾಸನೆ ಕ್ಲಾಸ್ ತುಂಬ. ಮಕ್ಕಳೆಲ್ಲ ನಕ್ಕರು. ಹುಡುಗಿ ಅತ್ತಳು.

ವ್ಯಾಪಾರಿ ಬೆಳಿಗ್ಗೆ ಹತ್ತಕ್ಕೆ ಟೆಂಪೊ ತರುತ್ತಾನೆ ಎಂದು ಹಿಂದಿನ ರಾತ್ರಿ ಮನೆಯಲ್ಲಿ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತು. ಹಗ್ಗ ಇಲ್ಲದಿದ್ದರೆ ಟಗರನ್ನು ಹೇಗೆ ಒಯ್ಯುತ್ತಾರೆ ಎನ್ನುವುದು ಅವಳ ಲೆಕ್ಕ. ಮಕ್ಕಳ ಲೆಕ್ಕ ಹಾಗೇ ಇರುತ್ತದೆ. ಮನೆಯಲ್ಲಿ ಹಗ್ಗ ಹುಡುಕಿದ್ದಾರೆ, ಪಕ್ಕದ ಮನೆಯಿಂದ ಇನ್ನೊಂದು ತರುವಷ್ಟರಲ್ಲಿ ವ್ಯಾಪಾರಿ ಬೇರೆ ಊರಿಗೆ ಹೊರಟುಬಿಟ್ಟಿದ್ದಾನೆ. ಮಧ್ಯಾಹ್ನ ತಂದೆ ಶಾಲೆಗೆ ಬಂದರು. "ಕಥೆ ಹೇಳಿ ಹೇಳಿ ನಮ್ಮ ಹುಡುಗೀನ ಕೆಡಿಸಿಬಿಟ್ರಲ್ಲ ಟೀಚರಮ್ಮ" ಅಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಟಗರು ಮಾರಿದ ದುಡ್ಡಿನಲ್ಲಿ ಶೇಂಗಾ ಬೀಜ ತರಬೇಕಿತ್ತು. ಹದ ಆರಿದ ಮೇಲೆ ಬೀಜ ತಂದು ಏನು ಮಾಡುವುದು? ನಾನೂ ರೈತರ ಮನೆಯಿಂದಲೇ ಬಂದವಳು.

ಇದರಲ್ಲಿ ಶಾಲೆಯ ತಪ್ಪೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಹಗ್ಗ ಸಿಕ್ಕ ತಕ್ಷಣ ಅದನ್ನು ಏಳನೇ ತರಗತಿಯ ಹುಡುಗನ ಕೈಯಲ್ಲಿ ಮನೆಗೆ ಕಳಿಸಿದೆವು. ಅವನು ದಾರಿಯುದ್ದಕ್ಕೂ ಎಲ್ಲರಿಗೂ ತೋರಿಸಿಕೊಂಡು ಹೋದ. ಊರಿಗೆಲ್ಲ ಸುದ್ದಿಯಾದದ್ದು ಹಾಗೆ. ನಾನೇ ಹೋಗಬೇಕಿತ್ತು, ಇಲ್ಲ ತಂದೆಗೆ ಫೋನ್ ಮಾಡಬೇಕಿತ್ತು. ಅವರ ಹತ್ತಿರ ಕ್ಷಮೆ ಕೇಳಿದ್ದೇನೆ, ಇಲ್ಲಿಯೂ ಕೇಳುತ್ತೇನೆ.

ಬುಧವಾರದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೆಲವರು ಕಥೆ ಪೀರಿಯಡ್ ನಿಲ್ಲಿಸಿ ಎಂದಿರಿ. ಹಿಂದಿನ ವರ್ಷದ ಪಾಠ ನೆನಪಿಸುವ ಸೇತುಬಂಧವೇ ಮುಗಿದಿಲ್ಲ, ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಓದಿಸುವುದು ಬಿಟ್ಟು ನರಿ, ಮೊಲದ ಕಥೆ ಯಾಕೆ ಎಂದಿರಿ. ಓದಿಸುವುದನ್ನು ಬಿಟ್ಟಿಲ್ಲ. ಆ ಮಕ್ಕಳಿಗೆ ದಿನಾ ಸಂಜೆ ಒಂದು ಗಂಟೆ ಜಾಸ್ತಿ ಪಾಠ ನಡೆಯುತ್ತಿದೆ, ಬಂದು ನೋಡಬಹುದು. ಕಥೆಗೆ ಇಟ್ಟಿರುವುದು ವಾರಕ್ಕೆ ಒಂದೇ ಪೀರಿಯಡ್, ಅದೂ ಶನಿವಾರದ ಕೊನೆಯದು. ಅದು ನಿಲ್ಲುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ಆ ಶನಿವಾರ ಟೀಚರ್ ಹೇಳಿದ್ದು ಪುಣ್ಯಕೋಟಿಯ ಕಥೆ. ನಮಗೆ ನಿಮಗೆ ಎಲ್ಲರಿಗೂ ಬಾಯಿಪಾಠ ಇರುವಂಥದ್ದು. ಕಾಳಿಂಗ ಗೊಲ್ಲನ ಹಸು, ಅಡ್ಡಗಟ್ಟಿದ ಹುಲಿ, ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದು ಹೋಗಿ ಮಾತಿನಂತೆ ವಾಪಸ್ ಬಂದದ್ದು, ಅದನ್ನು ನೋಡಿ ಹುಲಿ ಪ್ರಾಣ ಬಿಟ್ಟದ್ದು. ಅರ್ಧ ಕ್ಲಾಸ್ ಮೂಗು ಒರೆಸಿಕೊಳ್ಳುತ್ತಿತ್ತು. ಈ ಹುಡುಗಿ ಎದ್ದು ನಿಂತು ಕೇಳಿದ್ದು ಬೇರೆ: "ಮಿಸ್, ಹುಲಿ ಯಾಕೆ ಸಾಯ್ಬೇಕಿತ್ತು? ಅದಕ್ಕೆ ಹಸಿವಾಗಿತ್ತು ಅಷ್ಟೇ ಅಲ್ವಾ? ಅದು ಹುಲ್ಲು ತಿನ್ನಲ್ಲ ಅಲ್ವಾ?"

ಇಪ್ಪತ್ತೆರಡು ವರ್ಷದಿಂದ ನಾನೂ ಈ ಕಥೆ ಹೇಳುತ್ತಾ ಬಂದಿದ್ದೇನೆ. ಹುಲಿಯ ಪರ ವಕೀಲಿ ಮಾಡಿದ ಮಗುವನ್ನು ನೋಡಿದ್ದು ಇದೇ ಮೊದಲು. ಟೀಚರ್ ಉತ್ತರ ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು. "ಸೋಮವಾರ ಮಾತಾಡೋಣ" ಎಂದು ಕಳಿಸಿದರು. ಮಗು ಆ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡೇ ಮನೆಗೆ ಹೋಯಿತು. ಭಾನುವಾರ ರಾತ್ರಿ ಟಗರು ಮಾರುವ ಮಾತು ಕೇಳಿತು.

ಹಗ್ಗ ಸಿಕ್ಕ ದಿನ ಅವಳನ್ನು ಆಫೀಸ್ ರೂಮಿನಲ್ಲಿ ಕೂರಿಸಿಕೊಂಡು ಕೇಳಿದೆ, ಟಗರನ್ನು ಮಾರಲೇಬಾರದು ಅಂತ ನಿನ್ನ ಆಸೆಯಾ ಎಂದು. ಇಲ್ಲ ಎಂದು ತಲೆ ಆಡಿಸಿದಳು. "ಒಂದು ದಿನ ಬಿಟ್ಟು ಮಾರ್ಲಿ ಮಿಸ್. ಹುಲಿ ಹಸೂಗೆ ಟೈಮ್ ಕೊಡ್ತಲ್ಲ." ಅಷ್ಟೇ. ಮರಿಯಾಗಿದ್ದಾಗ ತಾಯಿ ಸತ್ತು, ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಟಗರಂತೆ. ಮಾರುವ ದಿನ ಬೆಳಿಗ್ಗೆ ಅದಕ್ಕೆ ಹೊಟ್ಟೆ ತುಂಬ ಶೇಂಗಾ ಹೊಟ್ಟು ತಿನ್ನಿಸಬೇಕು ಅಂತಿದ್ದಳಂತೆ. ಶಾಲೆಗೆ ಹೊತ್ತಾಗಿ ಆಗಲಿಲ್ಲವಂತೆ. ಅದಕ್ಕೇ ಹಗ್ಗ.

ಈಗ ನೀವೇ ಹೇಳಿ, ಕಥೆ ಈ ಮಗುವನ್ನು ಕೆಡಿಸಿತಾ?

ಇನ್ನೊಂದು ಮಾತು ಬಂತು: ಶಾಲೆಯಲ್ಲಿ ಮಾಂಸ ತಿನ್ನಬಾರದು ಅಂತ ಹೇಳಿಕೊಡುತ್ತಾರೆ, ಮಾರಮ್ಮನ ಜಾತ್ರೆಯಲ್ಲಿ ಮಕ್ಕಳು ತಟ್ಟೆ ತಳ್ಳಿದರು ಎಂದು. ಯಾವ ಟೀಚರೂ ಹಾಗೆ ಹೇಳಿಲ್ಲ. ನಮ್ಮ ಶಾಲೆಯಲ್ಲೇ ಮೊಟ್ಟೆ ಕೊಡುತ್ತೇವೆ, ಬೇಡ ಎಂದವರಿಗೆ ಬಾಳೆಹಣ್ಣು. ಯಾರ ಮನೆಯಲ್ಲಿ ಏನು ಅಡುಗೆ ಎನ್ನುವುದಕ್ಕೆ ಶಾಲೆ ತಲೆ ಹಾಕುವುದಿಲ್ಲ. ಕುರಿ ಸಾಕುವುದು, ಮಾರುವುದು ತಪ್ಪು ಎಂದು ನಾವು ಹೇಳಿದರೆ ನಮ್ಮ ನಾಲಿಗೆಗೇ ನಾಚಿಕೆಯಾಗಬೇಕು. ಚಳ್ಳಕೆರೆ ಕಂಬಳಿ ಹೊದ್ದು ಬೆಳೆದವರು ನಾವು. ಈ ಶಾಲೆಯ ಎಷ್ಟೋ ಮಕ್ಕಳ ನೋಟ್‌ಬುಕ್ಕು, ಬಟ್ಟೆ ಕುರಿಯ ದುಡ್ಡಿನದ್ದೇ.

ಒಂದು ವಿಷಯ ಮಾತ್ರ ಯೋಚನೆ ಮಾಡಿ. ಪ್ರಾಣಿಯ ಮೇಲೆ ಮಮತೆ ಇಡುವುದನ್ನು ಈ ಮಕ್ಕಳು ಶಾಲೆಯಿಂದ ಕಲಿತರಾ? ನಮ್ಮ ಕಡೆ ದೇವರ ಎತ್ತುಗಳಿವೆ. ಮ್ಯಾಸಬೇಡರ ಹಟ್ಟಿಗಳಲ್ಲಿ ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿ ಅವುಗಳ ಹಿಂದೆಯೇ ಬಿಸಿಲು ಮಳೆ ಎನ್ನದೆ ತಿರುಗುತ್ತಾನೆ. ಬರ ಬಂದಾಗ ಅವುಗಳಿಗೆ ಮೇವು ಹೊಂದಿಸಲು ಊರೂರೇ ಓಡಾಡಿದ್ದನ್ನು ನೋಡಿದ್ದೇವೆ. ಕಾಡುಗೊಲ್ಲರ ಹಟ್ಟಿಯಲ್ಲಿ ಗಣೆ (ಬಿದಿರಿನ ಕೊಳಲು) ಊದಿಕೊಂಡು ಹೇಳುವ ಜುಂಜಪ್ಪನ ಕಥೆ ದನ ಕಾಯುವವನ ಕಥೆಯೇ ಅಲ್ವಾ? ಮೊನ್ನೆ ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿದವರು ನೀವೇ. ಒಂದೇ ಮನೆಯಲ್ಲಿ ಎತ್ತಿಗೆ ಆರತಿ, ಟಗರಿಗೆ ಟೆಂಪೊ. ದೊಡ್ಡವರಿಗೆ ಇದು ಗೊತ್ತಿರುವ ಬದುಕು. ಹತ್ತು ವರ್ಷದ ಮಗುವಿಗೆ ಯಾರಾದರೂ ಬಿಡಿಸಿ ಹೇಳಬೇಕು. ಕಥೆ ಪೀರಿಯಡ್‌ನಲ್ಲಿ ಆಗುವುದು ಅದೇ ಮಾತು. ಅದಕ್ಕೇ ನಿಲ್ಲಿಸುವುದಿಲ್ಲ ಅಂದದ್ದು.

"ಪ್ರಾಣಿ ಮಾತಾಡುತ್ತೆ ಅಂತ ಸುಳ್ಳು ಹೇಳಿಕೊಡ್ತೀರಿ" ಎಂದೂ ಒಬ್ಬರು ಕೇಳಿದರು. ಪಂಚತಂತ್ರವನ್ನು ದುರ್ಗಸಿಂಹ ಕನ್ನಡಕ್ಕೆ ತಂದು ಹತ್ತಿರ ಹತ್ತಿರ ಸಾವಿರ ವರ್ಷವಾಯಿತು. ನರಿ ಮಾತಾಡಿತು ಅಂತ ಅಷ್ಟು ಕಾಲದಲ್ಲಿ ಯಾರೂ ಮೋಸ ಹೋದಂತಿಲ್ಲ. ಆದರೂ ಆ ಪೋಷಕರ ಮಾತಿನಲ್ಲಿ ಒಂದು ನಿಜ ಇದೆ, ನನಗೆ ಸಭೆ ಮುಗಿದ ಮೇಲೆ ಹೊಳೆಯಿತು. ಆ ಕಥೆಗಳಲ್ಲಿ ನರಿ ಬರೀ ಕುತಂತ್ರಿ, ಹಾವು ಬರೀ ಕೆಟ್ಟದ್ದು, ಕತ್ತೆ ಬರೀ ದಡ್ಡ. ಅವು ಪ್ರಾಣಿಯ ವೇಷ ಹಾಕಿದ ಮನುಷ್ಯರು. ನಿಜದ ನರಿ ನಮ್ಮ ಶೇಂಗಾ ಹೊಲದಲ್ಲಿ ಇಲಿ ಹಿಡಿದು ತಿನ್ನುತ್ತದೆ. ಕೇರೆ ಹಾವೂ ಅಷ್ಟೇ, ಅದಕ್ಕೆ ವಿಷವೇ ಇಲ್ಲ, ಆದರೂ ಕಂಡಲ್ಲಿ ಬಡಿಯುತ್ತೇವೆ. ಹಾಗಾಗಿ ಇನ್ನು ಮುಂದೆ ಒಂದು ಕಥೆ ಆದ ಮೇಲೆ ಆ ಪ್ರಾಣಿ ನಿಜವಾಗಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ನಮ್ಮ ಹುಲ್ಲುಗಾವಲಿನಲ್ಲಿ, ಹೊಲದಲ್ಲಿ ಅದರ ಕೆಲಸ ಏನು ಎಂದೂ ಮಾತಾಡಬೇಕು ಅಂತ ತೀರ್ಮಾನಿಸಿದ್ದೇವೆ.

ಈ ಮಾತು ಶುರುವಾದದ್ದೇ ತಡ, ಆರನೇ ತರಗತಿಯ ಹುಡುಗ ಎದ್ದು ಹೇಳಿದ. ಹೋದ ವರ್ಷ ಅವರ ಮಂದೆಯಿಂದ ತೋಳ ಎರಡು ಮರಿ ಒಯ್ದಿತಂತೆ. ಅವರಜ್ಜ ಬಾಯಿಗೆ ಬಂದ ಹಾಗೆ ಬೈದನಂತೆ, ಆದರೆ ವಿಷ ಇಡೋಣ ಎಂದು ಬಂದವರನ್ನು ಹತ್ತಿರ ಸೇರಿಸಲಿಲ್ಲವಂತೆ. "ಅದರ ಗೂಡಲ್ಲೂ ಮರಿ ಇರ್ತಾವೆ ಅಂದ ನಮ್ಮಜ್ಜ." ಶನಿವಾರದ ಹುಲಿಯ ಪ್ರಶ್ನೆಗೆ ನಮ್ಮ ಟೀಚರ್‌ಗಳಿಗಿಂತ ಚೆನ್ನಾಗಿ ಉತ್ತರ ಕೊಟ್ಟದ್ದು ಆ ಅಜ್ಜ. ಅವರು ಶಾಲೆಯ ಕಟ್ಟೆ ಹತ್ತಿದವರಲ್ಲ. ಎರಡು ಮರಿ ಕಳೆದುಕೊಂಡ ನೋವು ಅವರಿಗೆ ಇಲ್ಲ ಅಂತಲ್ಲ. ಮಂದೆ ಕಾಯುವವನಿಗೆ ತೋಳವೂ ಗೊತ್ತು, ತೋಳದ ಹಸಿವೂ ಗೊತ್ತು.

ಕುರಿಯ ಬಗ್ಗೆಯೂ ಒಂದು ಮಾತು. ಮಕ್ಕಳನ್ನು ಬೈಯುವಾಗ ನಾವೆಲ್ಲ "ಕುರಿ" ಅನ್ನುತ್ತೇವೆ, ನಾನೂ ಅಂದಿದ್ದೇನೆ. ಇಂಗ್ಲೆಂಡಿನ ವಿಜ್ಞಾನಿಗಳು ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದ ವಿಷಯ ಇದು: ಕುರಿ ಬೇರೆ 50 ಕುರಿಗಳ ಮುಖವನ್ನು ಎರಡು ವರ್ಷದವರೆಗೆ ನೆನಪಿಟ್ಟುಕೊಳ್ಳುತ್ತದೆ. ಮನುಷ್ಯರ ಮುಖವನ್ನೂ ಗುರುತಿಸುತ್ತದೆ. ಇದನ್ನು ಐದನೇ ಕ್ಲಾಸಿನಲ್ಲಿ ಹೇಳಿದಾಗ ಆ ಹುಡುಗಿ ಸುಮ್ಮನೆ ನಕ್ಕಳು, ಇದೇನು ಹೊಸದು ಎನ್ನುವ ಹಾಗೆ. ಅವಳ ಚಪ್ಪಲಿ ಸದ್ದಿಗೇ ಆ ಟಗರು ರೊಪ್ಪದಿಂದ ಕೂಗುತ್ತಿತ್ತಂತೆ.

ಸಂವಿಧಾನದ 51ಎ ವಿಧಿಯಲ್ಲಿ ಜೀವಿಗಳ ಬಗ್ಗೆ ದಯೆ ಇಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದಿದೆ. ಇದನ್ನು ಜಾಸ್ತಿ ಎಳೆದರೆ ಆಗಸ್ಟ್ ಹದಿನೈದರ ಭಾಷಣವಾಗುತ್ತದೆ, ಬಿಡಿ.

ಈಗ ಸ್ವಲ್ಪ ಕಷ್ಟದ ಮಾತು. ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮನೆಯ ಕುರಿ, ಕರು, ಕೋಳಿ ಮಾರುವ ವಿಷಯದಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಡಿ. "ಮಾವನ ಮನೆಗೆ ಮೇಯೋಕೆ ಹೋಗಿದೆ" ಅಂತೀವಿ. ನಮ್ಮ ಮನೆಯಲ್ಲೂ ನನಗೆ ಹಾಗೇ ಹೇಳಿದ್ದರು. ಕೆಂಪು ಮರಿ ಬರುತ್ತೆ ಅಂತ ನಾನು ಒಂದು ಬೇಸಿಗೆಯಿಡೀ ಬಾಗಿಲಲ್ಲಿ ಕಾದಿದ್ದೆ. ಮಗು ಅಳುತ್ತದೆ, ನಿಜ. ಅಳಲಿ. ಯಾವಾಗ ಮಾರುತ್ತೀರಿ, ಯಾಕೆ ಮಾರುತ್ತೀರಿ ಎಂದು ಮೊದಲೇ ಕೂರಿಸಿ ಹೇಳಿ. ಬೀಜ ತರಬೇಕು, ಸಾಲ ತೀರಿಸಬೇಕು ಎಂದರೆ ನಮ್ಮ ಮಕ್ಕಳಿಗೆ ಅರ್ಥವಾಗುತ್ತದೆ. ಅವರು ಪೇಟೆಯ ಮಕ್ಕಳಲ್ಲ. ಯಾವ ತಂದೆ ತಾಯಿಗೂ ಬುದ್ಧಿ ಹೇಳುವ ಉದ್ದೇಶ ನನಗಿಲ್ಲ, ಹಾಗೆ ಕೇಳಿಸಿದರೆ ಮನ್ನಿಸಿ. ಮೊದಲೇ ಹೇಳಿದ್ದರೆ ಅವತ್ತು ಹಗ್ಗ ಬ್ಯಾಗಿಗೆ ಬರುತ್ತಿರಲಿಲ್ಲ, ವ್ಯಾಪಾರಿ ವಾಪಸ್ ಹೋಗುತ್ತಿರಲಿಲ್ಲ ಎಂದಷ್ಟೇ ನನ್ನ ಲೆಕ್ಕ. ಶಾಲೆಯೂ ಶನಿವಾರವೇ ಉತ್ತರ ಹೇಳಿ ಕಳಿಸಿದ್ದರೆ ಬರುತ್ತಿರಲಿಲ್ಲ. ತಪ್ಪು ಇಬ್ಬರದ್ದೂ ಅರ್ಧರ್ಧ ಎಂದುಕೊಳ್ಳೋಣ.

ಬೆಲ್ ಹೊಡೆಯುವುದಕ್ಕೆ ಹತ್ತು ನಿಮಿಷ ಮುಂಚೆ ಕಥೆ ಮುಗಿಸಿ, ಮಕ್ಕಳ ಪ್ರಶ್ನೆ ಕೇಳಿಸಿಕೊಂಡೇ ಮನೆಗೆ ಬಿಡಬೇಕು ಎಂದು ಟೀಚರ್‌ಗಳಿಗೆ ಹೇಳಿದ್ದೇನೆ. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಶಾಲೆಯಲ್ಲೇ ಎತ್ತು ಮಾಡುತ್ತಾರೆ. ಕೆರೆ ಮಣ್ಣು ನಾವೇ ತರಿಸುತ್ತೇವೆ, ಬಟ್ಟೆ ಕೊಳೆಯಾದರೆ ಬೈಯಬೇಡಿ. ಟಗರು ಮಾಡುತ್ತೇನೆ ಅಂದವರಿಗೂ ಅಡ್ಡಿ ಇಲ್ಲ.

ನಿಮ್ಮಿಂದ ಬೇಕಿರುವುದು ಇಷ್ಟೇ: ಈ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಮನೆಯ ಅಜ್ಜ ಅಥವಾ ಅಜ್ಜಿಯನ್ನು ಕಥೆ ಹೇಳಲು ಶಾಲೆಗೆ ಕಳಿಸಿ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ

ಮರೆತ ಮಾತು: ಹಗ್ಗ ಮನೆಗೆ ಕಳಿಸುವಾಗ ಗಂಟೆ ಬಿಚ್ಚಿ ಮೇಜಿನ ಮೇಲಿಟ್ಟಿದ್ದೆವು, ಅದು ಇಲ್ಲೇ ಉಳಿದಿದೆ. ಟಗರು ಗುರುವಾರ ಮಾರಾಟವಾಯಿತು ಎಂದು ಕೇಳಿದೆ. ಗಂಟೆ ನನ್ನ ಡ್ರಾಯರಿನಲ್ಲಿ ಜೋಪಾನವಾಗಿದೆ. ತಂದೆ ಯಾವಾಗ ಬೇಕಾದರೂ ಬಂದು ಒಯ್ಯಬಹುದು. ಮಗಳ ಕೈಯಲ್ಲೇ ಕೊಡಿ ಎಂದು ಹೇಳಿ ಕಳಿಸಿದರೆ, ಅವಳಿಗೇ ಕೊಡುತ್ತೇನೆ.