ಸೀರಿಯಲ್ ಬರೆಯುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಒಲೆ ಮೇಲೆ ಹಾಲಿತ್ತು, ಅಂಗಳದಲ್ಲಿ ಅಡಿಕೆ ಹರವಿತ್ತು, ಆಗುಂಬೆ ಕಡೆಯಿಂದ ಮೋಡ ಕಟ್ಟಿಕೊಂಡು ಬರುತ್ತಿತ್ತು. ನೀನು ಕೇಳಿದ್ದು ನೆನಪಿದೆ. "ಆಗಿನ ಮಧ್ಯಾಹ್ನದ ಸೀರಿಯಲ್‌ಗಳಲ್ಲಿ ಹೆಂಗಸರನ್ನು ಹೇಗೆ ಬರೆಯುತ್ತಿದ್ದರು, ನಿಮ್ಮ ಮನೆಯವರು ಅದರಲ್ಲಿ ಏನು ಕಾಣುತ್ತಿದ್ದರು?" ಈಗ ನೀನೇ ಒಂದು ಸೀರಿಯಲ್‌ಗೆ ಡೈಲಾಗ್ ಬರೆಯುತ್ತಿದ್ದೀಯ. ಹಾಗಾಗಿ ಸುಮ್ನೆ ಹೊಗಳಿ ಮುಗಿಸಲು ಮನಸ್ಸು ಬರಲಿಲ್ಲ. ಕೂತು ಬರೆಯುತ್ತಿದ್ದೇನೆ.

1994ರಲ್ಲಿ ದೂರದರ್ಶನದಲ್ಲಿ ಮಧ್ಯಾಹ್ನದ ಹೊತ್ತು 'ಶಾಂತಿ' ಶುರುವಾಯಿತಲ್ಲ, ಆಗ ನಮ್ಮ ಕೇರಿಗೆ ಇದ್ದದ್ದು ಒಂದೇ ಟಿವಿ. ಅದು ದೊಡ್ಡಮ್ಮನ ಮನೆ ಜಗಲಿಯಲ್ಲಿತ್ತು. ಅಡಿಕೆ ಸುಲಿಯುವ ಕಾಲ ಬಂತೆಂದರೆ ಅಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಏಳೆಂಟು ಹೆಂಗಸರು ಕೂರುತ್ತಿದ್ದರು. ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಯಾರೂ ಟಿವಿಯನ್ನು ನೆಟ್ಟ ಕಣ್ಣಿಂದ ನೋಡುವಂತಿರಲಿಲ್ಲ, ನೋಡಿದರೆ ಬೆರಳು ಹೋಗುತ್ತಿತ್ತು. ಕಿವಿ ಅಲ್ಲಿ, ಕೈ ಇಲ್ಲಿ.

ಆದರೆ ಕಿವಿಗೆ ಬೀಳುತ್ತಿದ್ದದ್ದು ಹಿಂದಿ! ಅವರಲ್ಲಿ ಒಬ್ಬರಿಗೂ ಹಿಂದಿ ಬರುತ್ತಿರಲಿಲ್ಲ. ದೊಡ್ಡಮ್ಮನೇ ಆಗಾಗ ತಲೆ ಎತ್ತಿ, ಮುಖ ನೋಡಿ, "ಈಗ ಇವಳು ಹೀಗೆ ಹೇಳಿದಳು" ಎಂದು ಅರ್ಥ ಹೇಳುತ್ತಿದ್ದಳು. ಅವಳು ಹೇಳಿದ್ದೇ ಕತೆ. ಶಾಂತಿ ಒಬ್ಬ ಪತ್ರಕರ್ತೆ. ಇಬ್ಬರು ದೊಡ್ಡ ಮನುಷ್ಯರ ಜೀವನಚರಿತ್ರೆ ಬರೆಯುತ್ತೇನೆಂದು ಅವರ ಮನೆ ಸೇರಿಕೊಳ್ಳುತ್ತಾಳೆ. ತನ್ನ ತಾಯಿಗೆ ಹಿಂದೆ ಅನ್ಯಾಯ ಮಾಡಿದವರು ಅವರೇ. ಆ ಲೆಕ್ಕ ಕೇಳಲು ಬಂದವಳು ಅವಳು. ಶಾಂತಿಯ ಪಾತ್ರ ಮಾಡಿದ್ದ ಮಂದಿರಾ ಬೇಡಿ ಕಣ್ಣಲ್ಲಿ ನೀರು ತುಂಬಿಕೊಂಡು ಏನೋ ಮೆಲ್ಲಗೆ ಹೇಳಿದರೆ, ದೊಡ್ಡಮ್ಮನ ಕನ್ನಡದಲ್ಲಿ ಅದು "ನಿನ್ನ ಮನೆ ಹಾಳಾಗ, ದಾಖಲೆ ಎಲ್ಲಿಟ್ಟಿದ್ದೀಯ ತೆಗಿ" ಎಂದಾಗುತ್ತಿತ್ತು. ಅಳುವ ಮಾತನ್ನು ದೊಡ್ಡಮ್ಮ ಕೇಳುವ ಮಾತು ಮಾಡಿಬಿಡುತ್ತಿದ್ದಳು. ಆಗ ನನಗೆ ನಗು ಬರುತ್ತಿತ್ತು. ಈಗ ಅನ್ನಿಸುತ್ತದೆ, ಆ ಜಗಲಿಯಲ್ಲಿ ಒಬ್ಬ ಒಳ್ಳೆ ಡೈಲಾಗ್ ರೈಟರ್ ಇದ್ದಳು ಮಾರಾಯ.

ಮರುವರ್ಷ 'ಸ್ವಾಭಿಮಾನ್' ಬಂತು. ಅದರಲ್ಲಿ ಶ್ವೇತ್ಲಾನಾ ಅಂತ ಒಬ್ಬಳು, ಕಿಟೂ ಗಿದ್ವಾನಿ ಮಾಡಿದ್ದ ಪಾತ್ರ. ದೊಡ್ಡ ಉದ್ಯಮಿ ಸಾಯುತ್ತಾನೆ, ಇವಳು ಅವನು ಇಟ್ಟುಕೊಂಡಿದ್ದವಳು. ಜಗಲಿಯ ಹೆಂಗಸರೆಲ್ಲ ಅವಳನ್ನು ಬೈಯುತ್ತಾರೆಂದು ನಾನು ಕಾಯುತ್ತಿದ್ದೆ. ಕೆಲವರು ಬೈದರು ಕೂಡ. ದೊಡ್ಡಮ್ಮ ಮಾತ್ರ ಸುಲಿಯುವುದನ್ನು ನಿಲ್ಲಿಸಿ, "ಅಷ್ಟು ವರ್ಷ ಜೊತೆಗಿದ್ದಳಲ್ಲ, ಅವಳಿಗೂ ಒಂದು ಪಾಲು ಕೊಡಲಿ" ಅಂದಳು. ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಹೋಗಿ ಆಗ ಆರು ವರ್ಷ. ತೋಟದ ಕೆಲಸವೆಲ್ಲ ಅವಳದೇ, ಪಹಣಿಯಲ್ಲಿ ಹೆಸರು ಮಾತ್ರ ಮೈದುನರದು. ಇದು ನಿನಗೆ ಗೊತ್ತಿರುವ ಸಂಗತಿಯೇ.

ನೀನು ಕೇಳಿದ ಮೇಲೆ ಈ ಮಧ್ಯಾಹ್ನದ ಕತೆಗಳ ಮೂಲ ಹುಡುಕಿಕೊಂಡು ಒಂದಿಷ್ಟು ಓದಿದೆ. ಅಮೆರಿಕದಲ್ಲಿ ಇದು ರೇಡಿಯೋದಿಂದ ಶುರು. ಪಾತ್ರೆ ತೊಳೆಯುತ್ತಾ ಬಟ್ಟೆ ಒಗೆಯುತ್ತಾ ಕೇಳುವವರಿಗೆ ಸೋಪಿನ ಕಂಪನಿಗಳು ದುಡ್ಡು ಹಾಕಿ ಕತೆ ಹೇಳಿಸಿದವು, ಅದಕ್ಕೇ ಸೋಪ್ ಒಪೆರಾ ಎಂಬ ಹೆಸರು. ಇದು ನಿನಗೆ ಹೊಸದಲ್ಲ. ಹೊಸದೆನ್ನಿಸುವುದು ಮೊದಮೊದಲ ಹೆಂಗಸರು. 1933ರಲ್ಲಿ ಶುರುವಾದ 'ಮಾ ಪರ್ಕಿನ್ಸ್' ಅಂತ ಒಂದು. ಬಟ್ಟೆ ಸೋಪಿನ ಪುಡಿಯ ಜಾಹೀರಾತಿನ ಜೊತೆ ಬರುತ್ತಿತ್ತು. ಅದರ ನಾಯಕಿ ವಿಧವೆ. ಅವಳ ಉದ್ಯೋಗ ಏನು ಗೊತ್ತಾ? ಟಿಂಬರ್ ಡಿಪೋ ನಡೆಸುವುದು! ನಮ್ಮ ತೀರ್ಥಹಳ್ಳಿ ಕಡೆ ನಾಟಾ ವ್ಯಾಪಾರ ಮಾಡುವ ಹೆಂಗಸನ್ನು ನಾನು ಇವತ್ತಿಗೂ ಒಬ್ಬಳನ್ನೂ ಕಂಡಿಲ್ಲ. ವರ್ಜೀನಿಯಾ ಪೇನ್ ಎಂಬಾಕೆ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ಆ ಮುದುಕಿಯ ದನಿಯಾದಳು. 1960ರಲ್ಲಿ ಕತೆ ಮುಗಿಯುವವರೆಗೆ, 27 ವರ್ಷ, ಆಕೆಯೇ ಆ ದನಿ.

ಇವರಿಗೆಲ್ಲ ದಾರಿ ಹಾಕಿಕೊಟ್ಟವಳು ಇರ್ನಾ ಫಿಲಿಪ್ಸ್. ಟೀಚರ್ ಆಗಿದ್ದಾಕೆ. 1930ರಲ್ಲಿ ಶಿಕಾಗೋದ ರೇಡಿಯೋಗೆ 'ಪೇಂಟೆಡ್ ಡ್ರೀಮ್ಸ್' ಬರೆದಳು, ಅದರಲ್ಲಿ ತಾಯಿಯ ಪಾತ್ರವನ್ನು ತಾನೇ ಮಾಡಿದಳು. 1937ರಲ್ಲಿ ಆಕೆ ಶುರುಮಾಡಿದ 'ಗೈಡಿಂಗ್ ಲೈಟ್' ರೇಡಿಯೋದಿಂದ ಟಿವಿಗೆ ಬಂದು 2009ರವರೆಗೆ ಓಡಿತು. ಮದುವೆ ಆಗಲಿಲ್ಲ, ಎರಡು ಮಕ್ಕಳನ್ನು ದತ್ತು ತೆಗೆದುಕೊಂಡಳು. ಆದರೆ ಬರೆದದ್ದು ಮಾತ್ರ ಜಾಸ್ತಿ ಮದುವೆ, ಸಂಸಾರ, ಅಡುಗೆಮನೆಯ ಮೇಜಿನ ಸುತ್ತ ಕಾಫಿ ಕುಡಿಯುತ್ತಾ ಆಡುವ ಮಾತು. ಕೊನೆಗಾಲದಲ್ಲಿ 'ಆ್ಯಸ್ ದ ವರ್ಲ್ಡ್ ಟರ್ನ್ಸ್'ನಲ್ಲಿ ಕಿಮ್ ಎಂಬ ಹುಡುಗಿಯನ್ನು ತಂದಳು. ಆ ಪಾತ್ರ ನನ್ನದೇ ಪ್ರತಿರೂಪ ಎಂಬಂತೆ ಆಕೆ ಹೇಳಿಕೊಳ್ಳುತ್ತಿದ್ದಳಂತೆ. ಕಿಮ್ ತನ್ನ ಅಕ್ಕನ ಗಂಡನಿಂದಲೇ ಬಸಿರಾಗುತ್ತಾಳೆ. ನೋಡುವವರು ರೇಗಿದರು. 1973ರಲ್ಲಿ ಇರ್ನಾಳನ್ನೇ ಕೆಲಸದಿಂದ ತೆಗೆದರು. ಅದೇ ಡಿಸೆಂಬರ್‌ನಲ್ಲಿ ಆಕೆ ತೀರಿಕೊಂಡಳು. ನಲವತ್ತು ವರ್ಷ ಬೇರೆಯವರ ಸಂಸಾರ ಬರೆದವಳು ತನ್ನಂಥ ಒಬ್ಬಳನ್ನು ಒಳಗೆ ಬಿಟ್ಟುಕೊಂಡಳು, ಬಾಗಿಲು ಹಾಕಿಕೊಂಡಿತು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಆಕೆಯ ಕೈಕೆಳಗೆ ಕಲಿತವಳು ಆಗ್ನೆಸ್ ನಿಕ್ಸನ್. ಈಕೆ ಸ್ವಲ್ಪ ಉಪಾಯಗಾರ್ತಿ. 1962ರಲ್ಲಿ 'ಗೈಡಿಂಗ್ ಲೈಟ್'ನ ಬರ್ಟ್ ಎಂಬ ಗೃಹಿಣಿಗೆ ಗರ್ಭಕೋಶದ ಕ್ಯಾನ್ಸರ್ ಬರುವ ಕತೆ ಮಾಡಿದಳು. ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚುವ ಪ್ಯಾಪ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೆಂಗಸರಿಗೆ ಹೇಳಬೇಕಿತ್ತು ಆಕೆಗೆ. ಮೇಲಿನವರು ಒಪ್ಪಿದರು, ಆದರೆ ಕ್ಯಾನ್ಸರ್, ಗರ್ಭಕೋಶ ಅನ್ನುವ ಶಬ್ದಗಳನ್ನು ಆಡಬಾರದು ಎಂಬ ಷರತ್ತಿನ ಮೇಲೆ. ರೋಗದ ಹೆಸರು ಹೇಳದೆ ರೋಗದ ಕತೆ ಹೇಳಿದಳು. ನಮ್ಮಲ್ಲೂ ಹೆಂಗಸರು "ಅದು" ಅಂತಲೇ ಮಾತಾಡುತ್ತಾರಲ್ವಾ? ಅವರಿಗೆ ಅರ್ಥವಾಗಲು ಶಬ್ದ ಬೇಕಿಲ್ಲ.

ನಿಕ್ಸನ್ ಬರೆದ ಎರಿಕಾ ಕೇನ್ ನನಗೆ ಎಲ್ಲರಿಗಿಂತ ಇಷ್ಟ. 1970ರಲ್ಲಿ 'ಆಲ್ ಮೈ ಚಿಲ್ಡ್ರನ್' ಶುರುವಾದಾಗ ಹೈಸ್ಕೂಲು ಹುಡುಗಿ. ಹಟಮಾರಿ, ಸ್ವಾರ್ಥಿ, ಸುಳ್ಳಿ. ಆದರೆ ಇಡೀ ಊರಲ್ಲಿ "ನನಗೆ ಇದು ಬೇಕು" ಅನ್ನುವವಳು ಅವಳೇ. ಒಳ್ಳೆಯ ಹೆಂಗಸರಿಗೆ ಏನೇನೋ ಆಗುತ್ತದೆ, ಅವರು ಸಹಿಸುತ್ತಾರೆ. ಕೆಟ್ಟವಳು ಬೆಳಿಗ್ಗೆ ಎದ್ದು ಏನಾದರೂ ಮಾಡುತ್ತಾಳೆ. ಕತೆ ಮುಂದೆ ಹೋಗಬೇಕಾದರೆ ಅವಳೇ ಏಳಬೇಕು. 1973ರಲ್ಲಿ ಎರಿಕಾ ಗರ್ಭಪಾತ ಮಾಡಿಸಿಕೊಂಡಳು. ಕಾರಣ ದೊಡ್ಡದೇನೂ ಇಲ್ಲ, ಮಾಡೆಲಿಂಗ್ ಮಾಡಬೇಕಿತ್ತು, ಮಗು ಬೇಡವಾಗಿತ್ತು. ಅಮೆರಿಕದ ಸುಪ್ರೀಂ ಕೋರ್ಟು ಅದಕ್ಕೆ ಹಕ್ಕು ಕೊಟ್ಟ ವರ್ಷವೇ ಅದು.

ಈಗ ತಮಾಷೆ ಕೇಳು. ಮೂವತ್ತು ವರ್ಷ ದಾಟಿದ ಮೇಲೆ ಅದೇ ಸೀರಿಯಲ್ಲಿನಲ್ಲಿ ಒಬ್ಬ ಯುವಕ ಬಂದ. ಅಂದು ಡಾಕ್ಟರು ಭ್ರೂಣವನ್ನು ತೆಗೆದು ತನ್ನ ಹೆಂಡತಿಯ ಗರ್ಭದಲ್ಲಿಟ್ಟಿದ್ದ, ಇವನೇ ಆ ಮಗ ಎಂದು 2006ರಲ್ಲಿ ತೋರಿಸಿದರು! ವೈದ್ಯಶಾಸ್ತ್ರ ಬಿಡು. ಒಬ್ಬಳು ಅಂದು ಮಾಡಿದ ತೀರ್ಮಾನವನ್ನು ಇಷ್ಟು ವರ್ಷದ ಮೇಲೆ ಹೋಗಿ ಅಳಿಸಿ ಬಂದರಲ್ಲ. ನಡುವೆ 1993ರಲ್ಲೂ ಒಂದು ಕೆಲಸ ಮಾಡಿದ್ದರು. ಎರಿಕಾಗೆ ಹದಿನಾಲ್ಕನೇ ವಯಸ್ಸಿನಲ್ಲಿ ಅತ್ಯಾಚಾರವಾಗಿತ್ತು ಎಂಬ ಹಳೆಯ ಗಾಯ ಬಯಲಿಗೆ ಬಂತು. ಆ ಕತೆಯನ್ನು ಚೆನ್ನಾಗಿಯೇ ಬರೆದಿದ್ದಾರಂತೆ, ಒಪ್ಪುತ್ತೇನೆ. ಆದರೂ ನನಗೆ ಕಸಿವಿಸಿ. ಒಬ್ಬಳು ತನಗೆ ಬೇಕಾದ್ದನ್ನು ಮಾಡಿದರೆ ಹಿಂದೆ ಹೋಗಿ ಅದಕ್ಕೊಂದು ಪೆಟ್ಟು ಹುಡುಕುತ್ತಾರೆ. ಪೆಟ್ಟು ತಿಂದಿದ್ದಕ್ಕೇ ಹೀಗಾದಳು ಪಾಪ, ಅಂತ ಕ್ಷಮಿಸಿಬಿಡಬಹುದು.

ಇನ್ನು 'ಜನರಲ್ ಹಾಸ್ಪಿಟಲ್' ಅನ್ನುವ ಇನ್ನೊಂದು ಅಮೆರಿಕನ್ ಸೀರಿಯಲ್‌ನ ಲಾರಾ. 1979ರಲ್ಲಿ ಲ್ಯೂಕ್ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. 1981ರಲ್ಲಿ ಅವನ ಜೊತೆಗೇ ಮದುವೆ, ಸುಮಾರು 3 ಕೋಟಿ ಜನ ಕೂತು ನೋಡಿದರು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಪಂಚಾಯ್ತಿಕಟ್ಟೆಗಳಲ್ಲೂ ಇಂಥ ಮದುವೆ ಮಾಡಿಸಿದ್ದು ನಮಗೆ ಗೊತ್ತಿಲ್ಲದ್ದೇನಲ್ಲ.

ಈಗ ನಿನ್ನ ಸೀರಿಯಲ್‌ಗೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ದೊಡ್ಡಮ್ಮನಿಗೆ ಈಗ ಎಪ್ಪತ್ತಾರು. ಸುಲಿಯಲು ಮಿಷನ್ ಬಂದಿದೆ, ಜಗಲಿ ಖಾಲಿ. ಅವಳೊಬ್ಬಳೇ ಕೂತು ನೋಡುತ್ತಾಳೆ. ನೀನು ಬರೆಯುವುದು ಎಂದು ಹೇಳಿದ ಮೇಲಂತೂ ಒಂದು ದಿನ ಬಿಡುವುದಿಲ್ಲ. ನಿನ್ನ ನಾಯಕಿ ಮೂರು ವಾರದಿಂದ ಮೆಟ್ಟಿಲ ಮೇಲೆ ನಿಂತು ಅಳುತ್ತಿದ್ದಾಳೆ. ರೇಷ್ಮೆ ಸೀರೆ ಬೇರೆ. ನಿನ್ನೆ ದೊಡ್ಡಮ್ಮ ಕೇಳಿದಳು, "ಈ ಹುಡುಗಿಗೆ ಕೈಯಲ್ಲಿ ಏನೂ ಕೆಲಸ ಇಲ್ವಾ?"

ನಾನು ಲೆಕ್ಕ ಹಾಕಿ ನೋಡಿದೆ. ನಿಜವಾಗಲೂ ಇಲ್ಲ ಮಾರಾಯ. ಅವಳು ಒಂದು ಲೋಟ ತೊಳೆದದ್ದನ್ನೂ ನಾವು ನೋಡಿಲ್ಲ. ಕಾಯಿ ತುರಿಯುವವಳು ಅಳುವ ರೀತಿ ಬೇರೆ, ಅಲ್ವಾ? ಕೈ ನಿಲ್ಲುವುದಿಲ್ಲ. ಮೂಗು ಭುಜಕ್ಕೆ ಒರೆಸಿಕೊಂಡು ಮುಂದಿನ ಹೋಳು ಎತ್ತಿಕೊಳ್ಳುತ್ತಾಳೆ. ಟಿಂಬರ್ ಡಿಪೋ ಬೇಡ, ಅವಳಿಗೊಂದು ಹೊಲಿಗೆ ಮಿಷನ್ ಆದರೂ ಕೊಡು. ಆ ದುಡ್ಡನ್ನು ಯಾರ ಕೈಗೆ ಕೊಡಬೇಕೆಂಬ ಜಗಳದಲ್ಲೇ ನಿನಗೆ ಎರಡು ತಿಂಗಳ ಕತೆ ಸಿಗುತ್ತದೆ.

ಮತ್ತೆ ಆ ನಾದಿನಿ. ನೀನು ಅವಳನ್ನು ಕೆಟ್ಟವಳೆಂದು ಬರೆದಿದ್ದೀಯ, ಅವಳು ಬಂದಾಗೆಲ್ಲ ಡಂಡಂ ಅಂತ ಸಂಗೀತ ಹಾಕುತ್ತಾರೆ. ಮನೆಯ ಕಾಗದಪತ್ರ ಚೀಲಕ್ಕೆ ತುಂಬಿಕೊಂಡು ರಾತ್ರಿ ಬಸ್ಸು ಹತ್ತಿದಳಲ್ಲ, ಅವತ್ತು ದೊಡ್ಡಮ್ಮ ನೆಟ್ಟಗೆ ಕೂತು ನೋಡಿದಳು. ಆಮೇಲೆ ಹದಿನೈದು ಎಪಿಸೋಡಾಯಿತು, ಅವಳ ಸುದ್ದಿಯೇ ಇಲ್ಲ. ಎಲ್ಲರೂ ಮೆಟ್ಟಿಲ ಹತ್ತಿರವೇ ನಿಂತಿದ್ದಾರೆ.

ದೊಡ್ಡಮ್ಮ ದಿನಾ ಕೇಳುತ್ತಾಳೆ, ಆ ಬಸ್ಸು ಯಾವ ಊರಿಗೆ ಹೋಯಿತು, ಚೀಲ ಅವಳ ಹತ್ತಿರವೇ ಇದೆಯಾ ಅಂತ. ಇದ್ದರೆ ಮೊದಲು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಲು ಹೇಳಬೇಕಂತೆ. ಭಾನುವಾರ ಫೋನ್ ಮಾಡು, ಅವಳಿಗೇ ಕೊಡುತ್ತೇನೆ.

ನಿನ್ನ ಹಳೆಯ ಗೆಳತಿ